ಯಾರ ಶ್ರುತಿಗೆ ಯಾರು?

ಚರ್ಚಿನಲ್ಲಿ ಆರ್ಗನ್ ಮತ್ತು ಪಿಯಾನೋ ಜೊತೆ ಕಛೇರಿ ಇದೆಯೆಂದರೆ ಮೊದಲ ಕೆಲಸ ನಡೆಯುವುದು ಜನ ಬಂದು ಕೂರುವ ಮುಂಚೆ. ಶ್ರುತಿ ಮಾಡುವವನು ತನ್ನ ಕೀಲಿ ಹಿಡಿದು ಬರುತ್ತಾನೆ. ಆರ್ಗನ್ನಿನ ಒಂದು ಸ್ವರ ಒತ್ತಿಸಿ, ಆ ಸ್ವರಕ್ಕೆ ಪಿಯಾನೋದ ತಂತಿಗಳನ್ನು ಒಂದೊಂದಾಗಿ ಬಿಗಿಯುತ್ತಾನೆ ಇಲ್ಲವೇ ಸಡಿಲಿಸುತ್ತಾನೆ. ತಂತಿಗಳು ಇನ್ನೂರಕ್ಕೂ ಹೆಚ್ಚು. ಆರ್ಗನ್ನು ಮಾತ್ರ ಇದ್ದ ಹಾಗೇ ಇರುತ್ತದೆ. ಅದರ ಸಾವಿರಾರು ಕೊಳವೆಗಳನ್ನು ಒಂದು ಸಂಜೆಯ ಸಲುವಾಗಿ ಯಾರೂ ತಿದ್ದಲಾರರು. ಆದ್ದರಿಂದ ಚಿಕ್ಕದು ದೊಡ್ಡದಕ್ಕೆ ಹೊಂದಿಕೊಳ್ಳಬೇಕು. ಇದೇ ಅಲ್ಲಿನ ನಿಯಮ.

ಈ ನಿಯಮ ನಮಗೇನೂ ಹೊಸದಲ್ಲ. ಇದರ ಜೊತೆ ಬದುಕಿಯೇ ನಾವು ಇಲ್ಲಿಯವರೆಗೆ ಬಂದಿದ್ದೇವೆ. ಅದಕ್ಕೇ ಈ ಸಂಗೀತದ ಬಗ್ಗೆ ಬರೆಯಬೇಕು ಅನ್ನಿಸಿತು.

‘ಇವರಿಗ್ಯಾಕೆ ಆರ್ಗನ್ನು ಪಿಯಾನೋದ ಉಸಾಬರಿ’ ಎಂದು ಕೇಳುವವರು ಇದ್ದೇ ಇದ್ದಾರೆ. ನಮ್ಮ ಮನೆಗಳಲ್ಲಿ ಮೊದಲು ಪದವಿ ಪಡೆದವರು ನಾವು. ಈ ಸಂಗೀತವನ್ನು ನಾವು ಪ್ಯಾರಿಸ್ಸಿನ ಚರ್ಚಿನ ಬೆಂಚಿನ ಮೇಲೆ ಕೂತು ಕೇಳಿದ್ದಲ್ಲ. ಹಾಸ್ಟೆಲಿನಲ್ಲಿ ಮೊಬೈಲಿಗೆ ವೈರು ಸಿಕ್ಕಿಸಿ, ಒಂದು ಕಿವಿ ನಿನಗೆ ಒಂದು ನನಗೆ ಎಂದು ಹಂಚಿಕೊಂಡು ಕೇಳಿದ್ದು. ಕೇಳಿದವರಿಗೆ ಮಾತಾಡುವ ಹಕ್ಕಿದೆ. ವಿಮರ್ಶೆ ಯಾರಪ್ಪನ ಉಂಬಳಿಯೂ ಅಲ್ಲ.

ಎರಡು ವಾದ್ಯಗಳ ಸ್ವಭಾವ ಮೊದಲು ತಿಳಿಯಬೇಕು. ಪಿಯಾನೋ ಹೊಡೆತದ ವಾದ್ಯ. ಪಟ್ಟಿ ಒತ್ತಿದರೆ ಒಳಗಿನ ಸುತ್ತಿಗೆ ತಂತಿಗೆ ಬಡಿಯುತ್ತದೆ. ಬಡಿದ ಕ್ಷಣದಿಂದಲೇ ದನಿ ಸಾಯುತ್ತಾ ಹೋಗುತ್ತದೆ. ಆದರೆ ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ನುಡಿಯುತ್ತದೆ. ಬೆರಳಿನ ಮನಸ್ಸು ಅದಕ್ಕೆ ಗೊತ್ತು. 1700ರ ಸುಮಾರಿಗೆ ಫ್ಲಾರೆನ್ಸಿನಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಈ ವಾದ್ಯ ಕಟ್ಟಿದ್ದೇ ಈ ಗುಣಕ್ಕಾಗಿ. ಆರ್ಗನ್ನು ಗಾಳಿಯ ವಾದ್ಯ. ಪಟ್ಟಿ ಒತ್ತಿದರೆ ಕೊಳವೆಗೆ ಗಾಳಿ ನುಗ್ಗುತ್ತದೆ. ಬೆರಳು ಎತ್ತುವವರೆಗೂ ದನಿ ಸಾಯುವುದಿಲ್ಲ. ಆದರೆ ಗುದ್ದಿದರೂ ಅಷ್ಟೇ, ಸವರಿದರೂ ಅಷ್ಟೇ. ದನಿ ಹೆಚ್ಚಬೇಕಾದರೆ ಗುಬ್ಬಿ ಎಳೆದು ಇನ್ನಷ್ಟು ಕೊಳವೆ ಸಾಲುಗಳನ್ನು ಸೇರಿಸಬೇಕು. ಇಲ್ಲವೇ ಕೊಳವೆಗಳನ್ನು ಕೂಡಿಟ್ಟ ದೊಡ್ಡ ಪೆಟ್ಟಿಗೆಯ ರೆಕ್ಕೆಬಾಗಿಲನ್ನು ಕಾಲಿನಿಂದ ತೆರೆಯಬೇಕು. ಪ್ಯಾರಿಸ್ಸಿನ ಸೇಂ-ಸುಲ್ಪೀಸ್ ಚರ್ಚಿನಲ್ಲಿ ಕವಯ್ಯೆ-ಕೋಲ್ 1862ರಲ್ಲಿ ಕಟ್ಟಿ ಮುಗಿಸಿದ ಆರ್ಗನ್ನಿಗೆ ಕೈಯಿಂದ ನುಡಿಸುವ ಪಟ್ಟಿಸಾಲುಗಳೇ ಐದು. ಕಾಲಿಗೆ ಬೇರೆ ಸಾಲು. ಕೊಳವೆ ಸಾಲುಗಳು ನೂರರ ಹತ್ತಿರ. ಇಂಥ ವಾದ್ಯದ ಮುಂದೆ ಪಿಯಾನೋ ಎಷ್ಟರದ್ದು? ಆರ್ಗನ್ನಿನವನು ಮನಸ್ಸು ಮಾಡಿದರೆ ಪಿಯಾನೋದವನು ಕೈ ಆಡಿಸುವುದು ಕಾಣುತ್ತದೆಯೇ ಹೊರತು ದನಿ ಕೇಳುವುದಿಲ್ಲ.

ಶ್ರುತಿಯ ವಿಷಯವೂ ಸುಲಭವಲ್ಲ. ಚರ್ಚಿನೊಳಗೆ ಜನ ತುಂಬಿ ಬಿಸಿಯೇರಿದರೆ ಕೊಳವೆಯೊಳಗಿನ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚುತ್ತದೆ, ಆರ್ಗನ್ನಿನ ಶ್ರುತಿ ಏರುತ್ತದೆ. ಅದೇ ಬಿಸಿಗೆ ಪಿಯಾನೋದ ತಂತಿ ಸಡಿಲಗೊಂಡು ಕೊಂಚ ಇಳಿಯುತ್ತದೆ. ಒಂದೇ ಸೂರು, ಒಂದೇ ಸೆಕೆ. ಒಂದು ಮೇಲಕ್ಕೆ, ಒಂದು ಕೆಳಕ್ಕೆ. ನಮ್ಮ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿದರೆ ಚರ್ಮ ಬಿಗಿದು ದನಿ ಏರುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲದೆ ಶ್ರುತಿಗೂ ಸರ್ಕಾರ ಉಂಟು. 1859ರಲ್ಲಿ ಫ್ರಾನ್ಸ್ ಸರ್ಕಾರ ಮೂಲ ಸ್ವರಕ್ಕೆ ಸೆಕೆಂಡಿಗೆ 435 ಕಂಪನ ಎಂದು ಗೊತ್ತುಮಾಡಿತು. ಈಗಿನ ಪಿಯಾನೋಗಳು ಸಾಮಾನ್ಯವಾಗಿ 440ಕ್ಕೆ ನಿಲ್ಲುವಂಥವು. ಹಳೆಯ ಶ್ರುತಿಯಲ್ಲೇ ಉಳಿದ ಆರ್ಗನ್ನಿನ ಎದುರು ಹೊಸ ಪಿಯಾನೋ ತಂದಿಟ್ಟರೆ, ಇಳಿಯಬೇಕಾದ್ದು ಪಿಯಾನೋ.

ಮತ್ತೊಂದು ತೊಡಕು ದೂರದ್ದು. ಯುರೋಪಿನ ದೊಡ್ಡ ಚರ್ಚುಗಳಲ್ಲಿ ಆರ್ಗನ್ನು ಎಷ್ಟೋ ಸಲ ಹಿಂದಿನ ಗೋಡೆಯ ಅಟ್ಟದ ಮೇಲಿರುತ್ತದೆ. ಪಿಯಾನೋವನ್ನು ಇಡುವುದು ಕೆಳಗೆ, ಮುಂದೆ, ಪೂಜಾವೇದಿಕೆಯ ಹತ್ತಿರ. ನಡುವೆ ಐವತ್ತು ಮೀಟರು ಇದ್ದರೆ ಒಬ್ಬರ ದನಿ ಇನ್ನೊಬ್ಬರಿಗೆ ತಲುಪಲು ಸೆಕೆಂಡಿನ ಏಳನೇ ಒಂದು ಭಾಗ ಬೇಕು. ಕೇಳಿಸಿಕೊಂಡ ಮೇಲೆ ನುಡಿಸೋಣ ಎಂದು ಇಬ್ಬರೂ ಕಾದರೆ ಲಯ ಜೋಲುತ್ತಾ ಹೋಗಿ ಕಡೆಗೆ ಕುಂಟುತ್ತದೆ. ಅದಕ್ಕೆ ಕನ್ನಡಿಯಲ್ಲೋ ಕ್ಯಾಮರಾದಲ್ಲೋ ಒಬ್ಬರನ್ನೊಬ್ಬರು ನೋಡಿಕೊಂಡು ನುಡಿಸುತ್ತಾರೆ. ಮೇಲೆ ಕೂತವನಿಗೆ ಕೆಳಗಿನದು ತಡವಾಗಿ ಕೇಳುತ್ತದೆ. ಇದು ಬರೀ ಶಬ್ದಶಾಸ್ತ್ರದ ಮಾತು ಎಂದು ತಿಳಿಯಬೇಕಾಗಿಲ್ಲ.

ಈಗ ಚರಿತ್ರೆಗೆ ಬರೋಣ. ಈ ಜೋಡಿ ಹುಟ್ಟಿದ್ದು ಹೀಗೆ ಮೇಲೆ-ಕೆಳಗೆ ಕೂತು ಅಲ್ಲ. ಇದರ ಬೇರು ಹಾರ್ಮೋನಿಯಂ-ಪಿಯಾನೋ ಜೋಡಿಯಲ್ಲಿದೆ. ಪ್ಯಾರಿಸ್ಸಿನ ಅಲೆಕ್ಸಾಂದ್ರ ದೆಬೆಯ್ನ್ 1842ರಲ್ಲಿ ಹಾರ್ಮೋನಿಯಂಗೆ ಹಕ್ಕುಪತ್ರ ಪಡೆದ. ಕೆಲವೇ ವರ್ಷಗಳಲ್ಲಿ ಅದು ಅನುಕೂಲಸ್ಥರ ಮನೆಗಳ ಹಜಾರ ಸೇರಿತು. ಅಲ್ಲಿ ಪಿಯಾನೋ ಮೊದಲೇ ಇತ್ತು. ಎರಡನ್ನೂ ಸೇರಿಸಿ ನುಡಿಸಲೆಂದು ಸೇಂ-ಸಾನ್ಸ್ 1858ರಲ್ಲಿ ಆರು ರಚನೆ ಮಾಡಿದ. ಸೆಝಾರ್ ಫ್ರಾಂಕ್ 1860-62ರ ನಡುವೆ ಆರ್ಗನ್ನಿಗೆಂದು ಬರೆದ ‘ಪ್ರೆಲ್ಯೂಡ್, ಫ್ಯೂಗ್ ಮತ್ತು ವೇರಿಯೇಷನ್’ ಎಂಬ ಕೃತಿಯನ್ನು ತಾನೇ ಹಾರ್ಮೋನಿಯಂ-ಪಿಯಾನೋ ಜೋಡಿಗೆ ಹೊಂದಿಸಿದ. ಈಗ ಚರ್ಚುಗಳ ಜೊತೆ ಕಛೇರಿಗಳಲ್ಲಿ ಮತ್ತೆ ಮತ್ತೆ ಕೇಳಿಬರುವುದು ಈ ಕೃತಿಯೇ; ಹಾರ್ಮೋನಿಯಂನ ಜಾಗದಲ್ಲಿ ಕೊಳವೆಯ ಆರ್ಗನ್ನು ಬಂದು ಕೂತಿದೆ.

ಇಲ್ಲಿ ಏನು ಬದಲಾಯಿತು ನೋಡಿ. ಹಾರ್ಮೋನಿಯಂ ಪಿಯಾನೋದ ಓರಗೆಯದು. ಒಂದೇ ಕೋಣೆ, ಒಂದೇ ನೆಲ, ಕೈಯಳತೆಯ ದೂರ. ಒಂದು ಇನ್ನೊಂದನ್ನು ನುಂಗಲಾರದು. ಇನ್ನೂ ಮುಖ್ಯವಾದದ್ದು, ಹಾರ್ಮೋನಿಯಂ ನುಡಿಸುವವನು ತನಗೆ ಬೇಕಾದ ಗಾಳಿಯನ್ನು ತಾನೇ ಕಾಲಿನಿಂದ ತುಳಿದುಕೊಳ್ಳುತ್ತಾನೆ. ಚರ್ಚಿನ ಆರ್ಗನ್ನು ಹಾಗಲ್ಲ. ಸಮಾನರ ಮಾತುಕತೆಯಾಗಿ ಹುಟ್ಟಿದ್ದು ಅಟ್ಟ ಹತ್ತಿದ ಮೇಲೆ ಧಣಿ-ಆಳಿನ ಮಾತುಕತೆಯಾಗುವ ಅಪಾಯ ಇದೆ. ಇಂಥ ಕಛೇರಿಯನ್ನು ಅಳೆಯಲು ನಮ್ಮ ಅಳತೆಗೋಲು ಇದು: ಕಳೆದುಹೋದ ಆ ಸಮನೆಲವನ್ನು ನುಡಿಸುವವರು ಮತ್ತೆ ಗಳಿಸಿಕೊಂಡರೋ ಇಲ್ಲವೋ?

ಫ್ರಾಂಕನ ಕೃತಿ ಅದಕ್ಕೆ ಎಡೆ ಮಾಡಿಕೊಡುತ್ತದೆ. ಮೊದಲ ಭಾಗದಲ್ಲಿ ರಾಗ ಆರ್ಗನ್ನಿನದು. ನೂರು ಸಾಲುಗಳ ಅಬ್ಬರ ಅಲ್ಲಿಲ್ಲ. ಓಬೋ ಎಂಬ ಒಂದು ತೆಳುವಾದ ದನಿ, ನಮ್ಮ ಮುಖವೀಣೆಯ ದೂರದ ನೆಂಟ ಅನ್ನಬಹುದು. ಅದರ ಕೆಳಗೆ ಪಿಯಾನೋ ಹರಿಯುತ್ತಿರುತ್ತದೆ. ದೊಡ್ಡದು ದನಿ ತಗ್ಗಿಸಿದೆ, ಆದರೆ ದಯೆಯಿಂದಲ್ಲ. ಈ ರಾಗಕ್ಕೆ ಬೇಕಾದ್ದೇ ಅಷ್ಟು. ನಡುವಿನ ಫ್ಯೂಗಿನಲ್ಲಿ ಒಂದೇ ಎಳೆಯನ್ನು ಒಂದು ದನಿಯಾದ ಮೇಲೆ ಮತ್ತೊಂದು ಎತ್ತಿಕೊಳ್ಳುತ್ತದೆ. ಒಂದೇ ಮಾತು, ಆದರೆ ಪಿಯಾನೋ ಆಡಿದಾಗ ಪ್ರತಿ ಸ್ವರವೂ ಹುಟ್ಟಿ ಸಾಯುತ್ತದೆ, ಆರ್ಗನ್ ಆಡಿದಾಗ ಎಳೆ ಕಡಿಯದೆ ನಿಲ್ಲುತ್ತದೆ. ಕಡೆಯ ಭಾಗದಲ್ಲಿ ಮೊದಲ ರಾಗ ಮತ್ತೆ ಬರುತ್ತದೆ. ಈಗ ಪಿಯಾನೋದ ಓಟ ಜೋರಾಗಿದೆ. ರಾಗ ಅದೇ, ಅದರ ಕೆಳಗಿನ ನೆಲ ಚಲಿಸುತ್ತಿದೆ. ಇದನ್ನು ಕೇಳುವಾಗ ನಮಗೆ ಸಂತೋಷವಾಯಿತು. ಆ ಸಂತೋಷಕ್ಕೆ ನಾವು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ.

ಕೆಡುವುದೂ ಇಲ್ಲೇ. ಕೆಲವು ಧ್ವನಿಮುದ್ರಣಗಳಲ್ಲಿ ಆರ್ಗನ್ನಿನವರು ಕಡೆಕಡೆಗೆ ಸಾಲಿನ ಮೇಲೆ ಸಾಲು ಎಳೆದು ಗೋಡೆ ನಡುಗಿಸುತ್ತಾರೆ. ಕಲ್ಲಿನ ಕಟ್ಟಡದಲ್ಲಿ ಮಾರ್ದನಿ ಸೆಕೆಂಡುಗಟ್ಟಲೆ ನಿಲ್ಲುತ್ತದೆ. ಪಿಯಾನೋದ ಓಟವೆಲ್ಲ ಅದರಲ್ಲಿ ಕಲಸಿ ಗಂಜಿಯಾಗುತ್ತದೆ. ಇದನ್ನು ‘ಭವ್ಯ’ ಎನ್ನುವುದು ವಾಡಿಕೆ. ಒಬ್ಬನ ದನಿ ಮುಳುಗಿಸಿ ಪಡೆದ ಭವ್ಯತೆಯನ್ನು ನಾವು ಭವ್ಯತೆ ಅನ್ನುವುದಿಲ್ಲ.

ಮಾರ್ಸೆಲ್ ದ್ಯೂಪ್ರೆ ಹಿಡಿದ ದಾರಿ ಬೇರೆ. ಅವನು 1934ರಿಂದ 1971ರವರೆಗೆ ಸೇಂ-ಸುಲ್ಪೀಸ್‌ನ ಆರ್ಗನ್ ವಾದಕ. ಮಗಳು ಮಾರ್ಗರೀತ್ ಪಿಯಾನೋ ವಾದಕಿ. ತಾವಿಬ್ಬರೂ ನುಡಿಸಲೆಂದು ಅವನು 1932ರಲ್ಲಿ ‘ಬ್ಯಾಲಡ್’, 1937ರಲ್ಲಿ ‘ಎರಡು ವಸ್ತುಗಳ ಮೇಲೆ ವೇರಿಯೇಷನ್’, 1946ರಲ್ಲಿ ‘ಸಿಂಫೋನಿಯಾ’ ಬರೆದ. ಇಲ್ಲಿ ಪಿಯಾನೋ ಪಕ್ಕವಾದ್ಯವಲ್ಲ. ಮಗಳ ಕೈಗೆ ಅಪ್ಪ ಕಠಿಣವಾದ ಕೆಲಸವನ್ನೇ ಕೊಟ್ಟಿದ್ದಾನೆ. ಸಮಾನತೆ ಎಂದರೆ ಚಿಕ್ಕವರ ಪಾಲನ್ನು ಹಗುರ ಮಾಡುವುದಲ್ಲ, ಸಮನಾದ ಹೊರೆ ಕೊಟ್ಟು ಸಮನಾದ ಜಾಗ ಬಿಡುವುದು. ನಮ್ಮ ಮೇಷ್ಟ್ರುಗಳು ಇದನ್ನು ಗಮನಿಸಬೇಕು.

ಇಲ್ಲಿಯವರೆಗೆ ಪರದೆಯ ಮುಂದಿನ ಮಾತಾಯಿತು. ಹಿಂದೆ ಏನಿದೆ? ಆರ್ಗನ್ನಿಗೆ ಗಾಳಿ ಎಲ್ಲಿಂದ ಬರುತ್ತಿತ್ತು? ತಿದಿಯಿಂದ. ಕುಲುಮೆಯ ತಿದಿಯಂಥದೇ, ಚರ್ಮದ್ದು, ಆದರೆ ಬಹಳ ದೊಡ್ಡದು. ವಿದ್ಯುತ್ ಮೋಟಾರು ಬರುವ ತನಕ ಅದನ್ನು ಹೆಚ್ಚಾಗಿ ಮನುಷ್ಯರೇ ಒತ್ತಬೇಕಿತ್ತು, ತುಳಿಯಬೇಕಿತ್ತು. ಇಂಗ್ಲೆಂಡಿನ ವಿಂಚೆಸ್ಟರಿನಲ್ಲಿ 10ನೇ ಶತಮಾನದಲ್ಲಿದ್ದ ಆರ್ಗನ್ನನ್ನು ಅಲ್ಲಿಯ ಸನ್ಯಾಸಿ ವುಲ್ಫ್‌ಸ್ಟನ್ ಲ್ಯಾಟಿನ್ ಪದ್ಯದಲ್ಲಿ ವರ್ಣಿಸಿದ್ದಾನೆ: 26 ತಿದಿ, 400 ಕೊಳವೆ, ಬೆವರು ಸುರಿಸುವ 70 ಆಳು. ಕವಿಯ ಲೆಕ್ಕದಲ್ಲಿ ಉತ್ಪ್ರೇಕ್ಷೆ ಇರಬಹುದು, ಬೆವರಿನಲ್ಲಿ ಇರಲಾರದು. ಜರ್ಮನಿಯ ಹಾಲ್ಬರ್ಸ್ಟಾಟ್ ಆರ್ಗನ್ನಿನ ಇಪ್ಪತ್ತು ತಿದಿಗಳನ್ನು ಹತ್ತು ಜನ ಕಾಲಿನಿಂದ ತುಳಿಯುತ್ತಿದ್ದ ಬಗೆಯನ್ನು ಪ್ರೆಟೋರಿಯಸ್ 1619ರ ಹೊತ್ತಿಗೆ ತನ್ನ ಗ್ರಂಥದಲ್ಲಿ ದಾಖಲಿಸಿದ. ಜರ್ಮನ್ ಆರ್ಗನ್ನುಗಳಲ್ಲಿ ‘ಕಾಲ್ಕಾಂಟ್’ ಎಂದು ಬರೆದ ಒಂದು ಗುಬ್ಬಿ ಇರುತ್ತಿತ್ತು. ಅದನ್ನೆಳೆದರೆ ಯಾವ ಕೊಳವೆಯೂ ನುಡಿಯದು. ಹಿಂದೆ ನಿಂತ ತಿದಿಯಾಳಿಗೆ ಗಂಟೆ ಬಾರಿಸುತ್ತದೆ, ‘ತುಳಿ’ ಅಂತ. ಕಾಲ್ಕಾಂಟ್ ಎಂದರೆ ತುಳಿಯುವವನು. ಸಂಗೀತದ ಚರಿತ್ರೆಯಲ್ಲಿ ಅವನಿಗೆ ದಕ್ಕಿದ್ದು ಆ ಗುಬ್ಬಿಯ ಮೇಲಿನ ಹೆಸರು. ಅದೂ ಅವನ ಹೆಸರಲ್ಲ, ಅವನ ಕೆಲಸದ್ದು.

ಆರ್ಗನ್ನಿಗೆ ಉಸಿರು ಸಾಲದೆ ಬರುವುದಿಲ್ಲ, ಅದು ಸ್ವರ್ಗದ ದನಿ ಎಂದು ಹೊಗಳುತ್ತಾರೆ. ಆ ಉಸಿರು ಬೇರೆಯವರ ಕಾಲಿನಿಂದ ಬಂದದ್ದು. ತಿದಿಗೆ ಹೊದಿಸಿದ್ದು ಕುರಿಯ ಚರ್ಮ. ಕ್ರಿಸ್ತೊಫೊರಿಯ ಪಿಯಾನೋದ ಸುತ್ತಿಗೆಗಳಿಗೂ ಚರ್ಮದ ಹೊದಿಕೆಯೇ; ಉಣ್ಣೆಯ ಕಂಬಳಿಯಂಥ ಹೊದಿಕೆ ಬಂದದ್ದು 19ನೇ ಶತಮಾನದಲ್ಲಿ. ಅಂದರೆ ದೇವರ ಮನೆಯೊಳಗೆ ಮೊಳಗಿದ ದನಿಯ ನಡುವೆ ಚರ್ಮ ಹದ ಮಾಡಿದ ಕೈ ಇದೆ. ಚರ್ಮ ಮುಟ್ಟಿದ ಕೈಯನ್ನು ಗುಡಿಯ ಹೊರಗೆ ನಿಲ್ಲಿಸಿ, ಅದೇ ಚರ್ಮ ಬಿಗಿದ ಮೃದಂಗವನ್ನು ಒಳಗೆ ಬಿಟ್ಟುಕೊಂಡ ನಾಡಿನವರು ನಾವು. ನಮ್ಮ ಕಣ್ಣಿಗೆ ಆ ಕೈ ಮೊದಲು ಕಾಣುತ್ತದೆ. ಪಿಯಾನೋವೇನೂ ನಿರಪರಾಧಿಯಲ್ಲ. ಅದರ ಬಿಳಿ ಪಟ್ಟಿಗಳಿಗೆ ಹೊದಿಸುತ್ತಿದ್ದದ್ದು ಆನೆದಂತ. 19ನೇ ಶತಮಾನದಲ್ಲಿ ಪೂರ್ವ ಆಫ್ರಿಕಾದ ಒಳನಾಡಿನಿಂದ ಜಾಂಜಿಬಾರಿನತ್ತ ಆ ದಂತ ಬಂದದ್ದು ಮನುಷ್ಯರ ಹೆಗಲ ಮೇಲೆ. ಹೊತ್ತವರಲ್ಲಿ ಗುಲಾಮರೂ ಇದ್ದರು. ಅಮೆರಿಕದ ಕನೆಕ್ಟಿಕಟ್‌ನಲ್ಲಿ ದಂತ ಕೊಯ್ಯುವ ಉದ್ಯಮದಿಂದಲೇ ಐವರಿಟನ್ ಎಂದು ಹೆಸರಾದ ಊರಿದೆ.

ಹಾಗಂತ ಈ ಸಂಗೀತ ಸುಳ್ಳು, ಬಿಸಾಕಿ ಎಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ತಿದಿ ತುಳಿದವನ ದುಡಿಮೆಯನ್ನೂ ಬಿಸಾಕಿದಂತೆ. ಫ್ರಾಂಕನ ರಾಗದಲ್ಲಿ ಅವನಿಗೂ ಪಾಲಿದೆ. ಆ ಪಾಲನ್ನು ಬರೆದಿಡಬೇಕು ಎನ್ನುವುದಷ್ಟೇ ನಮ್ಮ ತಕರಾರು.

ಈ ಜೋಡಿಯ ಅರ್ಧ ನಮ್ಮೂರಿಗೂ ಬಂದಿದೆ. ಯುರೋಪಿನಿಂದ ಬಂದ ಹಾರ್ಮೋನಿಯಂ, ಕಲಕತ್ತೆಯ ದ್ವಾರಕಾನಾಥ ಘೋಷರಂಥ ತಯಾರಕರ ಕೈಯಲ್ಲಿ 19ನೇ ಶತಮಾನದ ಕೊನೆಯ ದಶಕಗಳಲ್ಲಿ ನೆಲದ ಮೇಲೆ ಕೂತು ನುಡಿಸುವ ಕೈಪೆಟ್ಟಿಗೆಯಾಯಿತು. ಕಾಲಿನಿಂದ ತುಳಿಯುವುದು ನಮ್ಮ ಕಂಪನಿ ನಾಟಕಗಳಲ್ಲಿ ಲೆಗ್ ಹಾರ್ಮೋನಿಯಂ ಆಗಿ ಉಳಿಯಿತು. ಶಾಸ್ತ್ರದವರು ಒಪ್ಪಲಿಲ್ಲ. ಇದರ ಶ್ರುತಿ ಕಟ್ಟಿಟ್ಟ ಶ್ರುತಿ, ಗಮಕ ನುಡಿಯದು ಎಂದರು. ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಹಾರ್ಮೋನಿಯಂಗೆ ಬಹಿಷ್ಕಾರ ಹಾಕಿತು. ಅದು ಸಡಿಲವಾಗಲು 1970ರ ದಶಕ ಬರಬೇಕಾಯಿತು. ಗಮಕದ ತಕರಾರಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಬಾಗಿಲು ಹಾಕಿದ ಅಷ್ಟೂ ವರ್ಷ ಹಾರ್ಮೋನಿಯಂ ನಾಟಕದ ಪೆಂಡಾಲಿನಲ್ಲಿ, ಭಜನೆಯ ಮನೆಯಲ್ಲಿ ನುಡಿಯುತ್ತಲೇ ಇತ್ತು. ನಮ್ಮ ಹೋರಾಟದ ಹಾಡುಗಳಿಗೂ ತಮಟೆಯ ಪಕ್ಕದಲ್ಲಿ ಬಂದು ಕೂತಿತು. ಅದು ಯಾರ ಅಟ್ಟವನ್ನೂ ಹತ್ತಿ ಕೂತದ್ದಲ್ಲ.

ಈಗ ‘ಸಾಮರಸ್ಯ’ ಎಂಬ ಮಾತು ಎಲ್ಲ ವೇದಿಕೆಗಳಲ್ಲೂ ಅಗ್ಗವಾಗಿದೆ. ಎಲ್ಲರೂ ಒಂದೇ ಶ್ರುತಿಯಲ್ಲಿರಬೇಕು, ಅಪಸ್ವರ ಬೇಡ ಅಂತಾರೆ. ಸರಿ, ಆದರೆ ಶ್ರುತಿ ಯಾರದು? ಕೀಲಿ ತಿರುಗಿಸುವುದು ಯಾರ ತಂತಿಗೆ? ಶತಮಾನಗಳಿಂದ ಅಲುಗಾಡದೆ ಕೂತದ್ದಕ್ಕೆ ಉಳಿದವರೆಲ್ಲ ಪ್ರತಿ ಸಂಜೆಯೂ ತಮ್ಮನ್ನು ಬಿಗಿದುಕೊಳ್ಳುವುದು, ಸಡಿಲಿಸಿಕೊಳ್ಳುವುದು ಸಾಮರಸ್ಯವಾಗಬಹುದು, ಸಮತೆ ಆಗುವುದಿಲ್ಲ. ಆರ್ಗನ್ನಿನ ಕೊಳವೆ ತಿದ್ದಲಾಗದು, ಅದು ಸೀಸ-ತವರದ ಕಷ್ಟ. ಮನುಷ್ಯರು ಕಟ್ಟಿಕೊಂಡದ್ದಕ್ಕೆ ಆ ನೆಪ ನಡೆಯದು. ಆರ್ಗನ್ನಿಗೂ ಕೂಡ ಒಂದು ದಾರಿ ಇದೆ: ತನ್ನ ನೂರು ಸಾಲುಗಳಲ್ಲಿ ತೊಂಬತ್ತೊಂಬತ್ತನ್ನು ಮುಚ್ಚಿಟ್ಟು ಒಂದೇ ದನಿಯಲ್ಲಿ ಮಾತಾಡುವುದು, ಎದುರಿನವರ ಮಾತು ಮುಗಿಯುವ ತನಕ ಕಾಯುವುದು. ಅಷ್ಟು ಮಾಡಿದ ಕಡೆಯೆಲ್ಲ ಈ ಸಂಗೀತ ದೊಡ್ಡದಾಗಿದೆ.

ಗೆಳೆಯರು ಈ ಕೃತಿಗಳನ್ನು ಹುಡುಕಿ ಕೇಳಬೇಕು. ಮೇಷ್ಟ್ರಾದವರು ಹುಡುಗರಿಗೂ ಕೇಳಿಸಬೇಕು. ಕೇಳುವಾಗ ಪಿಯಾನೋದ ಸ್ವರ ಸಾಯುವುದು ಕಿವಿಗೆ ಬೀಳುತ್ತಿದೆಯೇ ಗಮನಿಸಿ. ಬೀಳುತ್ತಿದ್ದರೆ ಆರ್ಗನ್ನಿನವನು ಸರಿಯಾಗಿ ನುಡಿಸುತ್ತಿದ್ದಾನೆ ಎಂದರ್ಥ. ಆಮೇಲೆ ಹುಡುಗರನ್ನು ಒಂದು ಪ್ರಶ್ನೆ ಕೇಳಿ: ಮೋಟಾರು ಬರುವ ಮುಂಚೆ ಈ ಗಾಳಿ ಯಾರದಾಗಿತ್ತು?