ಎರಡು ಬರವಣಿಗೆಗಳ ನಡುವಿನ ಸ್ಕ್ರಿಪ್ಟ್

ಗೂಢಲಿಪಿ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಲ್‌ನ ಮೂಲ ಕಡತಗಳ ನಡುವೆ ಆಂಡಿ ಪೊಲ್ಯಾಕೊವ್ ಪರ್ಲ್ ಭಾಷೆಯಲ್ಲಿ ಬರೆದ ಒಂದು ಸ್ಕ್ರಿಪ್ಟ್ ಇದೆ. ಅದನ್ನು ಓದುವಾಗಲೆಲ್ಲ ನನಗೆ ಒಳ್ಳೆಯ ಅನುವಾದಕರೊಬ್ಬರ ಕೆಲಸ ನೋಡಿದ ಸಂತೋಷ.

ಎಕ್ಸ್86 ಅಸೆಂಬ್ಲಿಗೆ ಎರಡು ಬರವಣಿಗೆಗಳು. ಎಟಿ ಅಂಡ್ ಟಿ ಕ್ರಮದಲ್ಲಿ ಮೌಲ್ಯ ಎಲ್ಲಿಂದ ಬಂತು ಎಂಬುದು ಮೊದಲು, ಎಲ್ಲಿಗೆ ಹೋಯಿತು ಎಂಬುದು ಆಮೇಲೆ. ಇಂಟೆಲ್ ಕ್ರಮದಲ್ಲಿ ತಿರುಗುಮುರುಗು. ಮೊದಲನೆಯದರಲ್ಲಿ ರಿಜಿಸ್ಟರಿಗೆ %, ನೇರ ಸಂಖ್ಯೆಗೆ $ ಗುರುತು. ನೋಡಲು ಒರಟು, ನಿಜ. ಆದರೆ ಯಾವುದು ಏನೆಂದು ಪದವೇ ಹೇಳುವುದರಿಂದ ಯಂತ್ರಕ್ಕೆ ಓದಲು ಸುಲಭ. ಪೊಲ್ಯಾಕೊವ್ ಅದನ್ನೇ ಮೂಲವಾಗಿ ಹಿಡಿದರು; ಅವರ ಸ್ಕ್ರಿಪ್ಟ್ ಅದನ್ನು ಇಂಟೆಲ್ ಕ್ರಮದ ಅಸೆಂಬ್ಲರುಗಳಾದ ಮಾಸ್ಮ್, ನಾಸ್ಮ್‌ಗಳಿಗೆ ಸಾಲು ಸಾಲಾಗಿ ದಾಟಿಸುತ್ತದೆ.

ನನ್ನನ್ನು ಬೆರಗುಗೊಳಿಸುವುದು ಮುಂದಿನ ಹೆಜ್ಜೆ. ಯುನಿಕ್ಸ್‌ನಲ್ಲಿ ಫಂಕ್ಷನ್ನಿನ ಮೊದಲ ಆರ್ಗ್ಯುಮೆಂಟ್ ಆರ್‌ಡಿಐ ರಿಜಿಸ್ಟರಿನಲ್ಲಿ ಬರುತ್ತದೆ, 64 ಬಿಟ್ ವಿಂಡೋಸ್‌ನಲ್ಲಿ ಆರ್‌ಸಿಎಕ್ಸ್‌ನಲ್ಲಿ. ಅಕ್ಷರ ಬದಲಿಸಿದರೆ ಸಾಲದು, ನಡವಳಿಕೆಯೂ ಬದಲಾಗಬೇಕು. ಸ್ಕ್ರಿಪ್ಟ್ ವಿಂಡೋಸ್‌ಗಾಗಿ ಫಂಕ್ಷನ್ನಿನ ಬಾಗಿಲಲ್ಲೇ ಆರ್‌ಡಿಐ, ಆರ್‌ಎಸ್‌ಐಗಳ ಹಳೆಯ ಮೌಲ್ಯವನ್ನು ಸ್ಟ್ಯಾಕ್‌ನಲ್ಲಿ ಜೋಪಾನವಾಗಿಟ್ಟು, ಬಂದ ಆರ್ಗ್ಯುಮೆಂಟುಗಳನ್ನು ಅವುಗಳ ಯುನಿಕ್ಸ್ ಜಾಗದಲ್ಲಿ ಕೂರಿಸುತ್ತದೆ. ಹೊರಡುವಾಗ ಇಟ್ಟದ್ದನ್ನು ಮರಳಿಸುತ್ತದೆ. ಒಳಗಿನ ಗೂಢಲಿಪಿಯ ಲೆಕ್ಕಕ್ಕೆ ತಾನು ಯಾವ ಊರಿನಲ್ಲಿದ್ದೇನೆಂದು ತಿಳಿಯಬೇಕಾದ ಅಗತ್ಯವೇ ಬೀಳುವುದಿಲ್ಲ.