ಎರಡು ನಂದಿನಿಗಳ ಪಾಠ

ಟ್ರೇಡ್‌ಮಾರ್ಕ್ ಕಾನೂನು ಕಲಿಸುವ ವಕೀಲರ ಕಚೇರಿಗಳಲ್ಲಿ ನನಗೆ ಹಿಡಿಸುವುದು ಒಂದೇ ತೀರ್ಪನ್ನಿಟ್ಟುಕೊಂಡು ಗಂಟೆಗಟ್ಟಲೆ ಜಗ್ಗಾಡುವ ಪದ್ಧತಿ. ಬೆಂಗಳೂರಿನ ಮಟ್ಟಿಗೆ ಅದಕ್ಕೆ 2018ರ ನಂದಿನಿ ಡಿಲಕ್ಸ್ ಪ್ರಕರಣವೇ ಸರಿ.

ಒಂದು ಕಡೆ 1985ರಿಂದ ಕೆಎಂಎಫ್‌ ಹಾಲಿನ ನಂದಿನಿ, ಇನ್ನೊಂದು ಕಡೆ 1989ರಿಂದ ಅದೇ ಹೆಸರಿನ ಹೋಟೆಲು. ಜಗಳ ಹೋಟೆಲಿನ ಗುರುತಿನ ನೋಂದಣಿಯದು. ಒಳ್ಳೆಯ ಹಿರಿಯ ವಕೀಲರು ಕಿರಿಯರಿಗೆ ತೀರ್ಪನ್ನು ಮೊದಲೇ ಓದಿಸುವುದಿಲ್ಲ. ಹಸುವಿರುವ ಗುರುತು, ದೀಪವಿರುವ ಗುರುತು ಎರಡನ್ನೂ ಮೇಜಿನ ಮೇಲಿಟ್ಟು, ‘ಗಿರಾಕಿ ಮೋಸಹೋಗುತ್ತಾನೇನ್ರೀ?’ ಎಂದು ಕೇಳುತ್ತಾರೆ. ಮಜಾ ಇರುವುದು ಅಲ್ಲೇ. ಮೇಲ್ಮನವಿ ಮಂಡಳಿ, ಹೈಕೋರ್ಟು ಹಾಲಿನ ಪರ ನಿಂತವು. ಸುಪ್ರೀಂ ಕೋರ್ಟು ಹೋಟೆಲಿನ ಪರ. ಹಾಗಾಗಿ ಯಾವ ಪಕ್ಷ ಹಿಡಿದವರಿಗೂ ಬಾಯಿ ಕಟ್ಟುವುದಿಲ್ಲ. ನಂದಿನಿ ಪುರಾಣದ ಹೆಸರು, ಯಾರೂ ಹೊಸದಾಗಿ ಕಟ್ಟಿದ್ದಲ್ಲ. ಒಂದೇ ವರ್ಗಕ್ಕೆ ಸೇರಿದರೂ ಸರಕು ಬೇರೆ ಬೇರೆ ಎನ್ನುತ್ತದೆ ತೀರ್ಪು.

ಕೊನೆಯಲ್ಲೊಂದು ಸಣ್ಣ ತಿರುವು: ಹಾಲು, ಹಾಲಿನ ಪದಾರ್ಥಗಳು ಹೋಟೆಲಿನ ನೋಂದಣಿಯಿಂದ ಹೊರಗುಳಿದವು. ತೀರ್ಪಿನ ಸಾರಾಂಶವಷ್ಟೇ ಓದಿ ಬಂದವರು ಎಡವುವುದು ಇಲ್ಲೇ. ಜಾಣ ಹಿರಿಯರು ಆಗ ಭಾಷಣ ಬಿಟ್ಟು, ಅರ್ಜಿಯ ಸರಕಿನ ಪಟ್ಟಿಯನ್ನು ಹೊಸದಾಗಿ ಬರೆಯಲು ಕೂರಿಸುತ್ತಾರೆ.