ತಮಟೆಗೆ ಎಷ್ಟು ಅಂಕ?

ಕತೆ, ಕವಿತೆ, ಕಾದಂಬರಿ ಸಿಕ್ಕರೆ ನಾವು ವಿಮರ್ಶೆಗೆ ಕೂರುತ್ತೇವೆ. ಪಠ್ಯಕ್ರಮ ಸಿಕ್ಕರೆ ಜೆರಾಕ್ಸ್ ಮಾಡಿಸಿ ಜೇಬಿಗಿಟ್ಟುಕೊಳ್ಳುತ್ತೇವೆ. ಪರೀಕ್ಷೆ ಮುಗಿದ ಮೇಲೆ ಅದು ಕಡಲೆಕಾಯಿ ಪೊಟ್ಟಣವಾಗುತ್ತದೆ. ಆದರೆ ಯಜಮಾನ ವರ್ಗ ತನ್ನ ಮನಸ್ಸನ್ನು ಮುಚ್ಚುಮರೆಯಿಲ್ಲದೆ ಬರೆದಿಡುವುದು ಪಠ್ಯಕ್ರಮದಲ್ಲೇ. ಯಾವುದು ವಿದ್ಯೆ, ಯಾವುದು ಬರೀ ರೂಢಿ. ಯಾರು ಗುರು, ಯಾರು ಬರೀ ಕುಣಿಯುವವನು. ಯಾವುದಕ್ಕೆ ಮೂರು ವರ್ಷ, ಯಾವುದಕ್ಕೆ ಮೂರು ಪುಟ, ಎಲ್ಲಾ ಅಲ್ಲಿ ಮೊಹರು ಬಿದ್ದು ಅಚ್ಚಾಗಿರುತ್ತದೆ. ಈ ಸಲ ನಾವು ಓದಿದ್ದು ನಮ್ಮ ರಾಜ್ಯದಲ್ಲಿ ನೃತ್ಯವನ್ನೇ ಮುಖ್ಯ ವಿಷಯವಾಗಿ ಕಲಿಸುವ ಪದವಿ ತರಗತಿಗಳ ಪಠ್ಯಕ್ರಮಗಳನ್ನು. 'ಕವಿತೆ ಬರ್ಕೊಂಡು ಇರೋದು ಬಿಟ್ಟು ಭರತನಾಟ್ಯದ ಸಿಲಬಸ್ಸು ನಿಮಗ್ಯಾಕ್ರಪ್ಪಾ' ಅಂತ ಗೆಳೆಯರು ನಕ್ಕರು. ನಮ್ಮ ಮನೆಗಳಲ್ಲಿ ಮೊದಲ ಸಲ ಪದವಿ ಕಂಡವರು ನಾವು. ನಮ್ಮ ಹಿಂದೆ ಬರುವ ತಂಗಿ ತಮ್ಮಂದಿರು ಯಾವ ಬಾಗಿಲು ತಟ್ಟಬಹುದು, ಯಾವುದನ್ನು ತಟ್ಟಬಾರದು ಅಂತ ಬೇರೆಯವರು ತೀರ್ಮಾನ ಮಾಡಿರುವಾಗ ಆ ತೀರ್ಮಾನವನ್ನು ಓದದೆ ಇರೋದು ಹೇಗೆ?

ನಾವು ನೋಡಿದ ಪಠ್ಯಕ್ರಮಗಳ ಎಲುಬುಗೂಡು ಹೆಚ್ಚುಕಡಿಮೆ ಒಂದೇ. ಪ್ರಾಯೋಗಿಕದಲ್ಲಿ ಅಡವುಗಳು, ಆಮೇಲೆ ಅಲರಿಪು, ಜತಿಸ್ವರ, ಶಬ್ದ, ವರ್ಣ, ಪದ, ಜಾವಳಿ, ತಿಲ್ಲಾನ. ಶಾಸ್ತ್ರದಲ್ಲಿ ಅಭಿನಯದರ್ಪಣದ ಹಸ್ತಭೇದ, ಶಿರೋಭೇದ, ದೃಷ್ಟಿಭೇದ. ನವರಸ, ನಾಯಿಕೆಯರು, ತಾಳ. ಕೊನೆಕೊನೆಗೆ, ಊರ ಹೊರಗಿನ ಕೇರಿಯ ಹಾಗೆ, ಒಂದು ಘಟಕ: ಕರ್ನಾಟಕದ ಜನಪದ ನೃತ್ಯಗಳು. ಡೊಳ್ಳು, ಕಂಸಾಳೆ, ವೀರಗಾಸೆ, ಸೋಮನ ಕುಣಿತ, ಲಂಬಾಣಿ ನೃತ್ಯ. ಒಂದೊಂದಕ್ಕೆ ಒಂದೊಂದು ಟಿಪ್ಪಣಿ ಬರೆದರೆ ಆಯಿತು. ಡೊಳ್ಳಿನ ಮೇಲೆ ಟಿಪ್ಪಣಿ ಬರೆದ ವಿದ್ಯಾರ್ಥಿನಿ ಡೊಳ್ಳನ್ನು ಒಂದು ಸಲವೂ ಹೆಗಲಿಗೇರಿಸದೆ ಪದವೀಧರೆಯಾಗಬಹುದು. ಅದೇ ಹುಡುಗಿ ಪತಾಕ ಹಸ್ತದ ಬೆರಳು ಒಂದು ನೂಲು ಸಡಿಲವಾದರೆ ಬಯ್ಯಿಸಿಕೊಳ್ಳುತ್ತಾಳೆ. ಬಯ್ಯುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಅಡವು ಶುದ್ಧವಾಗಲು ಎಷ್ಟು ವರ್ಷದ ಬೆವರು ಬೇಕು ಅನ್ನೋದು ನಮಗೂ ಗೊತ್ತು, ಬೆವರಿನ ಲೆಕ್ಕ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೀಸು ಕಂಸಾಳೆಯಲ್ಲಿ ಕಂಚಿನ ತಾಳ ತಲೆಯ ಸುತ್ತ ತಿರುಗಿ ಬಂದು ಜೊತೆಗಾರನ ತಾಳಕ್ಕೆ ಬಡಿಯಬೇಕಾದರೆ ಅದಕ್ಕೂ ಅಷ್ಟೇ ವರ್ಷ ಬೇಕು. ಈ ಎರಡನೆಯ ಬೆವರಿಗೆ ಮಾತ್ರ 'ಸಹಜ ಪ್ರತಿಭೆ' ಅಂತ ಹೆಸರಿಟ್ಟು ಶ್ರಮವನ್ನು ಅಳಿಸಿಬಿಡುತ್ತಾರೆ.

ಪ್ರಾಯೋಗಿಕದಲ್ಲಿ ದುಡಿಯುವ ಜಾತಿಗಳು ಇಲ್ಲವೇ ಇಲ್ಲ ಅಂದುಕೊಳ್ಳಬೇಡಿ. ಇದ್ದಾರೆ, ಪಾತ್ರವಾಗಿ ಇದ್ದಾರೆ. ಕನ್ನಡ ನಾಡಿನ ಭರತನಾಟ್ಯ ವೇದಿಕೆಯಲ್ಲಿ ಕನಕನ ಕಿಂಡಿ ಬಹಳ ಪ್ರೀತಿಯ ವಸ್ತು. ಒಳಗೆ ಬಿಡದ ಅರ್ಚಕ, ಹಿಂದೆ ಹೋಗಿ ನಿಂತು ಹಾಡುವ ಕನಕ, ಬಿರಿಯುವ ಗೋಡೆ, ತಿರುಗಿ ನಿಲ್ಲುವ ಕೃಷ್ಣ, ಎಲ್ಲವನ್ನೂ ಒಬ್ಬಳೇ ಕಲಾವಿದೆ ಅಭಿನಯಿಸುತ್ತಾಳೆ. ಸಭೆ ಕಣ್ಣೊರೆಸಿಕೊಳ್ಳುತ್ತದೆ. ಕುರುಬ ಕನಕ ಹೀಗೆ ಅಭಿನಯವಾಗಿ ಒಳಗೆ ಬಂದ. ಕುರುಬರ ಡೊಳ್ಳು ಟಿಪ್ಪಣಿಯಾಗಿ ಹೊರಗೆ ಉಳಿಯಿತು. ಗೋಡೆಗೆ ಕಿಂಡಿಯಾದದ್ದು ಪವಾಡ ಅಂತ ಕುಣಿಯುವವರು ತಮ್ಮ ತರಗತಿಯ ಗೋಡೆಯನ್ನು ಒಮ್ಮೆ ಮುಟ್ಟಿ ನೋಡಬೇಕು.

ತಮಿಳು ಕಡೆಯಿಂದ ಬಂದ ನಂದನಾರನ ಕತೆಯೂ ಹೀಗೇ. ಗೋಪಾಲಕೃಷ್ಣ ಭಾರತಿ 19ನೇ ಶತಮಾನದಲ್ಲಿ ಬರೆದ 'ನಂದನಾರ್ ಚರಿತ್ರೆ'ಯಿಂದ ಈ ಹೊಲಯ ಭಕ್ತ ಭರತನಾಟ್ಯಕ್ಕೆ ಬಂದ. ತಿರುಪುಂಕೂರಿನಲ್ಲಿ ಹೊರಗೇ ನಿಂತ ನಂದನಿಗೆ ಶಿವ ಕಾಣಲೆಂದು ನಂದಿ ಪಕ್ಕಕ್ಕೆ ಸರಿಯಿತಂತೆ. ಚಿದಂಬರದಲ್ಲಿ ಅವನು ಬೆಂಕಿ ಹೊಕ್ಕು 'ಶುದ್ಧ'ನಾದ ಮೇಲೆ ಒಳಗೆ ಹೋದನಂತೆ. ಕಲಾವಿದೆ ನಂದನಾಗುವಾಗ ಬೆನ್ನು ಬಾಗಿಸುತ್ತಾಳೆ, ಕೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಾಳೆ, ಮೈಯನ್ನು ಕುಗ್ಗಿಸುತ್ತಾಳೆ. ಆ ಬಾಗಿದ ಬೆನ್ನು ನಮ್ಮ ತಾತಂದಿರ ಬೆನ್ನು. ಅದನ್ನು ಇಷ್ಟು ಕರಾರುವಾಕ್ಕಾಗಿ ಕಲಿಸುವವರಿಗೆ ಅದನ್ನು ಬಾಗಿಸಿದವರು ಯಾರು ಅನ್ನೋದು ಗೊತ್ತಿಲ್ಲವೇ? ಪರೀಕ್ಷೆಯಲ್ಲಿ ಕೇಳುವುದು ಇಲ್ಲಿ ಯಾವ ರಸ, ಯಾವ ಸಂಚಾರಿ ಭಾವ ಅಂತ. ಕಲ್ಲಿನ ಎತ್ತು ಸರಿದರೂ ಬಾಗಿಲು ಕಾಯುವವನು ಯಾಕೆ ಸರಿಯಲಿಲ್ಲ ಅನ್ನುವ ಪ್ರಶ್ನೆಗೆ ಅಂಕ ನಿಗದಿಯಾಗಿಲ್ಲ.

ಶಾಸ್ತ್ರ ಓದಿಸಬೇಡಿ ಅನ್ನುವವರಲ್ಲ ನಾವು. ಪೂರ್ತಿ ಓದಿಸಿ ಅನ್ನುತ್ತೇವೆ. ನಾಟ್ಯೋತ್ಪತ್ತಿ ಪಾಠದಲ್ಲಿ ಋಗ್ವೇದದಿಂದ ಪಾಠ್ಯ, ಸಾಮದಿಂದ ಗೀತ, ಯಜುರ್ವೇದದಿಂದ ಅಭಿನಯ, ಅಥರ್ವದಿಂದ ರಸ ಅಂತ ಎಲ್ಲರೂ ಗಿಣಿಪಾಠ ಒಪ್ಪಿಸುತ್ತಾರೆ. ಅದೇ ಮೊದಲ ಅಧ್ಯಾಯದಲ್ಲಿ ದೇವತೆಗಳು ಬ್ರಹ್ಮನ ಬಳಿ ಹೋಗಿ ಐದನೇ ವೇದ ಕೇಳುವುದಕ್ಕೆ ಕೊಟ್ಟ ಕಾರಣವನ್ನು ಯಾಕೆ ಒಪ್ಪಿಸುವುದಿಲ್ಲ? ಇರುವ ವೇದಗಳನ್ನು ಶೂದ್ರ ಜಾತಿಗಳು ಕೇಳುವಂತಿಲ್ಲ, ಆದ್ದರಿಂದ ಎಲ್ಲ ವರ್ಣದವರಿಗೂ ಸಲ್ಲುವಂಥದ್ದು ಬೇಕು, ಇದು ಅಲ್ಲಿನ ಕಾರಣ. ಅಂದರೆ ಗ್ರಂಥದ ಹೊಸಿಲಲ್ಲೇ ಹೊರಗಿಟ್ಟವರ ಸುದ್ದಿ ಇದೆ. ಕೊನೆಗೆ ಬಂದರೆ ಇನ್ನೂ ಸ್ವಾರಸ್ಯ: ಭರತನ ಮಕ್ಕಳು ಋಷಿಗಳನ್ನೇ ಅಣಕಿಸಿ ಪ್ರಹಸನ ಆಡಿದರು, ಸಿಟ್ಟಾದ ಋಷಿಗಳು ನೀವು ಶೂದ್ರರಾಗಿ ಎಂದು ಶಪಿಸಿದರು. ದೊಡ್ಡವರನ್ನು ಗೇಲಿ ಮಾಡಿದ ನಟನಿಗೆ ಜಾತಿಯೇ ಶಿಕ್ಷೆ! ಬೀದಿನಾಟಕ ಆಡಿ ಊರ ಗೌಡರಿಂದ ಒದೆ ತಿಂದವರಿಗೆ ಈ ಕತೆ ತಕ್ಷಣ ಅರ್ಥವಾಗುತ್ತದೆ. ಆದ್ಯ ರಂಗಾಚಾರ್ಯರ ಅನುವಾದ ಕನ್ನಡದಲ್ಲೇ ಇದೆ, ಓದಲು ಸಂಸ್ಕೃತ ಬರಲೇಬೇಕೆಂದೂ ಇಲ್ಲ.

ಇನ್ನು ಚರಿತ್ರೆ. ಭರತಮುನಿಯಿಂದ ಹೊರಟ ಪಾಠ ಶಿಲಪ್ಪದಿಕಾರ, ದೇವಸ್ಥಾನದ ಶಿಲ್ಪ, ತಂಜಾವೂರಿನ ನಾಲ್ವರು ಸಹೋದರರನ್ನು ಮುಟ್ಟಿ ಒಂದೇ ಹಾರಿಗೆ 1936ರ ಕಲಾಕ್ಷೇತ್ರಕ್ಕೆ ಬಂದು ಇಳಿಯುತ್ತದೆ. ನಡುವೆ ಇದ್ದ ಹೆಂಗಸರು ಎಲ್ಲಿ ಹೋದರು? ಸದಿರ್ ಎಂದು, ದಾಸಿಯಾಟ ಎಂದು ಕರೆಯುತ್ತಿದ್ದುದಕ್ಕೆ 1930ರ ದಶಕದಲ್ಲಿ ಭರತನಾಟ್ಯ ಎಂಬ ಹೆಸರು ಗಟ್ಟಿಯಾಯಿತು. 1935ರಲ್ಲಿ ರುಕ್ಮಿಣೀದೇವಿ ಅರುಂಡೇಲ್ ರಂಗಕ್ಕೆ ಬಂದರು. ಶೃಂಗಾರವನ್ನು ಸೋಸಿ ಭಕ್ತಿಯನ್ನು ಉಳಿಸುವ ಕೆಲಸ ನಡೆಯಿತು. ದೇವದಾಸಿ ಮನೆತನದ ಬಾಲಸರಸ್ವತಿ ಮಾತ್ರ ಶೃಂಗಾರವೇ ಈ ಕಲೆಯ ಜೀವ ಎಂದು ಕಡೆಯವರೆಗೂ ವಾದಿಸಿದರು. 1947ರಲ್ಲಿ ಮದ್ರಾಸಿನ ಕಾನೂನು ಬಂತು. ವೇದಿಕೆ ಒಂದು ಜಾತಿಯಿಂದ ಇನ್ನೊಂದಕ್ಕೆ ಕೈ ಬದಲಾಯಿತು. ಇದನ್ನು 'ಪುನರುಜ್ಜೀವನ' ಎಂಬ ಒಂದು ಪದದಲ್ಲಿ ಮುಗಿಸುವುದು ಜಮೀನು ಪರಭಾರೆಯಾದದ್ದಕ್ಕೆ ಕ್ರಯಪತ್ರ ತೋರಿಸದೆ ಇದ್ದ ಹಾಗೆ. ಕ್ರಯಪತ್ರವೂ ಸರಳವಾಗಿಲ್ಲ ಅನ್ನಿ. ಕಾನೂನಿಗಾಗಿ ಹೋರಾಡಿದ ಮುತ್ತುಲಕ್ಷ್ಮಿ ರೆಡ್ಡಿಯವರ ತಾಯಿಯೇ ಆ ಸಮುದಾಯದವರು. ದೇವದಾಸಿಯಾಗಿದ್ದು ಹೊರಬಂದ ಮೂವಲೂರು ರಾಮಾಮೃತಮ್ಮಾಳ್ ಆತ್ಮಗೌರವ ಚಳವಳಿಯಲ್ಲಿ ನಿಂತು ಈ ಪದ್ಧತಿಯ ವಿರುದ್ಧ 1936ರಲ್ಲಿ ಕಾದಂಬರಿಯನ್ನೇ ಬರೆದರು. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ಕಾನೂನನ್ನು ವಿರೋಧಿಸಿದರು. ಈ ಜಗಳವನ್ನು ತರಗತಿಯಲ್ಲಿ ಆಡಲು ಬಿಡಬೇಕು. ಮಕ್ಕಳು ಯಾರ ಪಕ್ಷವಾದರೂ ವಹಿಸಲಿ.

ಒಂದು ಎಚ್ಚರಿಕೆ ನಮ್ಮವರಿಗೂ ಹೇಳಬೇಕು. ಮೈಸೂರು, ತಂಜಾವೂರಿನ ಆಸ್ಥಾನ ನರ್ತಕಿಯರ ಕತೆ ಬೇರೆ, ಸವದತ್ತಿ ಯಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡ ನಮ್ಮ ಅಕ್ಕತಂಗಿಯರ ಕತೆ ಬೇರೆ. ಮೈಸೂರು ಸರ್ಕಾರ 1909ರಲ್ಲೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತು. ಮುತ್ತು ಕಟ್ಟುವುದರ ವಿರುದ್ಧ ಕರ್ನಾಟಕದ ಕಾನೂನು ಬರಲು 1982 ಆಗಬೇಕಾಯಿತು. ಮೊದಲನೆಯವರಿಂದ ಕಲೆ ಕಿತ್ತುಕೊಂಡರು, ಎರಡನೆಯವರಿಗೆ ಹೊಲವೂ ಇರಲಿಲ್ಲ, ಮನೆಯೂ ಇರಲಿಲ್ಲ. ಎರಡನ್ನೂ ಒಂದೇ ಗೋಣಿಚೀಲಕ್ಕೆ ತುಂಬಿ ಭಾಷಣ ಮಾಡುವುದು ಸೋಮಾರಿತನ. ಆದರೂ ಮೇಲ್ವರ್ಗದವರ ನಾಚಿಕೆಗೇಡಿತನ ಒಂದು ಕಡೆ ಎರಡನ್ನೂ ಜೋಡಿಸುತ್ತದೆ. ವೇಶ್ಯಾವೃತ್ತಿಗೆ ಹೆಣ್ಣುಮಗುವನ್ನು ಇಳಿಸುವ ಶಾಸ್ತ್ರವಾಗಿತ್ತಲ್ಲ ಗೆಜ್ಜೆಪೂಜೆ, ಎಂ.ಕೆ. ಇಂದಿರಾ ಕಾದಂಬರಿಯಲ್ಲಿ, ಪುಟ್ಟಣ್ಣ ಕಣಗಾಲ್ ಸಿನಿಮಾದಲ್ಲಿ ನೋಡಿ ಅತ್ತೆವಲ್ಲ, ಅದೇ ಪದ ಈಗ ಬೆಂಗಳೂರಿನ ನೃತ್ಯಶಾಲೆಗಳ ಹೊಳೆಯುವ ಆಹ್ವಾನಪತ್ರಿಕೆಯ ಮೇಲೆ ಹೆಮ್ಮೆಯಿಂದ ಕೂತಿದೆ. ಒಬ್ಬಳಿಗೆ ಕಳಂಕವಾದದ್ದು ಇನ್ನೊಬ್ಬಳಿಗೆ ಹಾಲ್ ಬಾಡಿಗೆ ಕೊಟ್ಟು ಮಾಡುವ ಸಂಭ್ರಮ.

ಮೈಸೂರು ಶೈಲಿಯ ಬಗ್ಗೆ ಟಿಪ್ಪಣಿ ಬರೆಯುವವರು 'ಅಭಿನಯಕ್ಕೆ ಪ್ರಸಿದ್ಧ' ಎಂದು ಬರೆಯುತ್ತಾರೆ. ಆ ಅಭಿನಯ ಬಂದ ದಾರಿ ನೋಡಿ. ಜಟ್ಟಿ ತಾಯಮ್ಮ (1857–1947) ಕುಸ್ತಿಪಟುಗಳ ಮನೆಯ ಮಗಳು. ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ (1906–2002) ಕಡೂರು ಕಡೆಯ ತಂಗಲಿ ತಾಂಡಾದಲ್ಲಿ ಹುಟ್ಟಿದ ಲಂಬಾಣಿ ಹೆಣ್ಣುಮಗಳು. ಡಿಗ್ರಿಯ ದಾರಿಯಲ್ಲಿ ಬಂದವರಲ್ಲ, ಎಂಟು ವರ್ಷದವರಿದ್ದಾಗಿನಿಂದ ಗುರುವಿನ ಮುಂದೆ ಕೂತು ಕಲಿತವರು. 1965ರಲ್ಲಿ ಮೈಸೂರು ವಿಶ್ವವಿದ್ಯಾಲಯ ನೃತ್ಯ ವಿಭಾಗ ತೆರೆದಾಗ ಅವರನ್ನೇ ರೀಡರ್ ಆಗಿ ಕರೆದು ಕೂರಿಸಿತು. ನಮ್ಮ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ತಮಟೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಜೋಗತಿ ಮಂಜಮ್ಮನವರು 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ದೆಹಲಿಯಲ್ಲಿ ರಾಷ್ಟ್ರಪತಿ ಕೈಯಿಂದ ಪದಕ ಪಡೆಯುವವರು ನಮ್ಮ ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಪಾಠ ಮಾಡಲು 'ಅರ್ಹತೆ' ಸಾಲದು ಅನ್ನುವುದಾದರೆ, 1965ರಲ್ಲಿ ಆದದ್ದು ಈಗ ಯಾಕೆ ಆಗದು ಎಂದು ಯಾರಾದರೂ ಉತ್ತರ ಹೇಳಬೇಕು.

ಉತ್ತರದ ಒಂದು ತುಣುಕು ನಮಗೆ ಪ್ರವೇಶದ ಕಿಟಕಿಯಲ್ಲೇ ಸಿಕ್ಕಿತು. ನಮ್ಮ ಕೇರಿಯ ಹುಡುಗಿಯೊಬ್ಬಳನ್ನು ಒಂದು ಕಾಲೇಜಿಗೆ ಕರೆದುಕೊಂಡು ಹೋಗಿದ್ದೆವು. 'ಎಷ್ಟು ವರ್ಷ ಕಲ್ತಿದೀಯಮ್ಮಾ?' 'ಏಳು ವರ್ಷ ಮೇಡಂ.' 'ಯಾರ ಹತ್ರ?' 'ನಮ್ಮ ತಾತನ ಹತ್ರ, ತಮಟೆ.' 'ಅದಲ್ಲಮ್ಮಾ, ಡ್ಯಾನ್ಸು. ಜೂನಿಯರ್ ಪರೀಕ್ಷೆ ಆಗಿದ್ಯಾ?' ಬಯ್ಯಲಿಲ್ಲ, ಅವಮಾನ ಮಾಡಲಿಲ್ಲ, ನೀರು ಬೇಕಾ ಅಂತಲೂ ಕೇಳಿದರು. ಅರ್ಜಿಯಲ್ಲಿ ಅವಳ ಏಳು ವರ್ಷ ಬರೆಯಲು ಖಾನೆಯೇ ಇರಲಿಲ್ಲ, ಅಷ್ಟೆ.

ಇದನ್ನು ಕೇಳಿದ ನಮ್ಮ ಹಿರಿಯ ಕಾರ್ಯಕರ್ತರೊಬ್ಬರು ನಮ್ಮನ್ನೇ ಗದರಿದರು: 'ಸತ್ತ ದನ ಹೊರೋದು, ತಮಟೆ ಬಡಿಯೋದು ಬಿಟ್ಟು ಮನುಷ್ಯರಾದ್ವಿ. ನೀವು ಅದನ್ನ ಕಾಲೇಜಿಗೆ ತಗೊಂಡು ಹೋಗ್ತೀರಾ?' ಈ ಮಾತು ನಮ್ಮನ್ನು ಬಹಳ ದಿನ ಕಾಡಿತು. ಅವರ ಸಿಟ್ಟು ನಿಜ. ಹಬ್ಬಕ್ಕೂ ಹೆಣಕ್ಕೂ ಕರೆದಾಗ ಹೋಗಿ ಬಡಿಯಲೇಬೇಕು, ಬಡಿಯದಿದ್ದರೆ ಬಹಿಷ್ಕಾರ ಅನ್ನುವ ಚಾಕರಿಯನ್ನು ಬಿಟ್ಟದ್ದು ದೊಡ್ಡ ಹೋರಾಟ. ದಲಿತ ಹುಡುಗರಿಗೆ ತಮಟೆ, ಉಳಿದವರಿಗೆ ಭರತನಾಟ್ಯ ಅಂತ ಹಂಚಿದರೆ ಅದು ಪಠ್ಯಕ್ರಮವಲ್ಲ, ಮನುಸ್ಮೃತಿಯ ಟೈಮ್‌ಟೇಬಲ್. ನಾವು ಕೇಳುತ್ತಿರುವುದು ಬೇರೆ. ತರಗತಿಯಲ್ಲಿರುವ ಪ್ರತಿಯೊಬ್ಬರೂ, ಅಗ್ರಹಾರದಿಂದ ಬಂದವಳೂ ಸೇರಿ, ಚರ್ಮದ ವಾದ್ಯವನ್ನು ಹೆಗಲಿಗೆ ಹಾಕಿಕೊಳ್ಳಬೇಕು. ಬೆಂಕಿಗೆ ಕಾಯಿಸಿ ಹದ ಮಾಡುವುದನ್ನು ಕಲಿಯಬೇಕು. ಆ ವಾಸನೆ ಕೈಗೆ ಹತ್ತಬೇಕು. ನಮ್ಮ ಹುಡುಗಿ ವರ್ಣವನ್ನು ಪೂರ್ತಿ ಕಲಿಯಬೇಕು, ತಕಧಿಮಿಯಲ್ಲಿ ಯಾರಿಗೂ ಒಂದು ಮಾತ್ರೆ ಕಡಿಮೆಯಿಲ್ಲದಂತೆ. 'ಜನಪದಕ್ಕೆ 2011ರಿಂದ ಗೊಟಗೋಡಿಯಲ್ಲಿ ಬೇರೆ ವಿಶ್ವವಿದ್ಯಾಲಯವೇ ಇದೆಯಲ್ಲ' ಅನ್ನುವವರು ಇದ್ದಾರೆ. ಅದನ್ನು ಕಟ್ಟಿದವರ ಶ್ರಮವನ್ನು ನಾವು ಹಳಿಯುವುದಿಲ್ಲ. ಆದರೆ ಕೇರಿಗೆ ಬೇರೆ ಬಾವಿ ತೋಡಿಸಿ ಕೊಟ್ಟೆವಲ್ಲ, ಊರ ಬಾವಿಗೆ ಯಾಕೆ ಬರುತ್ತೀರಿ ಎಂದು ಕೇಳಿದವರ ದನಿ ನಮಗೆ ಚೆನ್ನಾಗಿ ನೆನಪಿದೆ.

ಹಾಗಾದರೆ ಮೂರು ವರ್ಷವನ್ನು ಹೇಗೆ ಕಟ್ಟಬೇಕು? (ನಾಲ್ಕು ವರ್ಷದ ಪದವಿಯನ್ನು ರಾಜ್ಯ ಸರ್ಕಾರ 2024–25ರಲ್ಲಿ ಕೈಬಿಟ್ಟ ಮೇಲೆ ನಮಗಿರುವುದು ಮೂರೇ.) ಮೊದಲ ವರ್ಷ ಪೂರ್ತಿ ಮೈಗೆ. ಬೆಳಿಗ್ಗೆ ಅಡವು, ಮಧ್ಯಾಹ್ನ ತಮಟೆ, ಡೊಳ್ಳು, ಕಂಸಾಳೆ. ಸಿಮೆಂಟ್ ನೆಲದ ಮೇಲೆ ಅರೆಮಂಡಿಯಲ್ಲಿ ವರ್ಷಗಟ್ಟಲೆ ಕುಟ್ಟಿ ಮಂಡಿ ಕಳೆದುಕೊಂಡವರು ಎಷ್ಟೋ ಜನ, ಆದ್ದರಿಂದ ಮೂಳೆ ಮಾಂಸದ ಪಾಠವೂ ಬೇಕು. ಬಡವರ ಮನೆ ಹುಡುಗಿಗೆ ಹೊಟ್ಟೆ ತುಂಬದೆ ತಿಲ್ಲಾನ ಬರುವುದಿಲ್ಲ, ಹಾಸ್ಟೆಲ್ ಊಟವನ್ನೂ ಪಠ್ಯಕ್ರಮ ಅಂತಲೇ ಎಣಿಸಬೇಕು. ಪ್ರವೇಶಕ್ಕೆ ಜೂನಿಯರ್ ಪರೀಕ್ಷೆಯ ಕಾಗದದ ಜೊತೆಗೆ ತಾತನ ಹತ್ತಿರ ಕಲಿತದ್ದನ್ನೂ ನೋಡಿ ತೂಗುವ ಪರೀಕ್ಷೆ ಇರಲಿ. ಎರಡನೆಯ ವರ್ಷ ಚರಿತ್ರೆ: 1909, 1947, 1982ರ ಆದೇಶ ಕಾನೂನುಗಳನ್ನು ಮೂಲದಲ್ಲೇ ಓದಲಿ. ಆದರೆ ನೋಟ್‌ಬುಕ್ ಹಿಡಿದು ಮುದುಕಿಯೊಬ್ಬಳ ಮುಂದೆ ಕೂತು 'ನಿಮಗೆ ಯಾವಾಗ ಮುತ್ತು ಕಟ್ಟಿದರು' ಎಂದು ಕೇಳುವ ಪ್ರಾಜೆಕ್ಟ್ ಮಾತ್ರ ಬೇಡ. ಅವರು ನಮಗೆ ಪಾಠ ಹೇಳಲು ಬರುವುದಾದರೆ ಸಂಭಾವನೆ ಕೊಟ್ಟು, ಕುರ್ಚಿ ಹಾಕಿ ಕರೆಯೋಣ.

ಮೂರನೆಯ ವರ್ಷದ ಬಗ್ಗೆ ಹಳ್ಳಿ ಮೇಷ್ಟ್ರುಗಳ ಜೊತೆ ಮಾತಾಡಿದಾಗ ಅವರು ಹೇಳಿದ್ದು ನಮಗೆ ಹೊಳೆದಿರಲಿಲ್ಲ. ಪ್ರತಿಭಾ ಕಾರಂಜಿ ಬಂದಾಗ, ಶಾಲಾ ವಾರ್ಷಿಕೋತ್ಸವ ಬಂದಾಗ, ಮೊಬೈಲಿನಲ್ಲಿ ಸಿನಿಮಾ ಹಾಡು ಹಾಕಿ ಮಕ್ಕಳನ್ನು ಕುಣಿಸುವುದು ಬಿಟ್ಟರೆ ಅವರಿಗೆ ಬೇರೆ ಗತಿಯಿಲ್ಲ. ಕಲಿಸಲು ಯಾರೂ ಇಲ್ಲ. ಅತ್ತ 'ನೃತ್ಯ ಕಲಿತು ಏನ್ ಮಾಡ್ತೀಯವ್ವಾ' ಎಂದು ಅಪ್ಪ ಕೇಳುವ ಪ್ರಶ್ನೆಗೂ ಉತ್ತರವಿಲ್ಲ. ಐದನೇ ಸೆಮಿಸ್ಟರ್ ಸರ್ಕಾರಿ ಶಾಲೆಯಲ್ಲಿ ಕಲಿಸುವುದಕ್ಕೆ ಮೀಸಲಾಗಲಿ, ಆ ಅನುಭವದ ಮೇಲೆ ಹುದ್ದೆ ಕೇಳುವ ಹಕ್ಕನ್ನು ಕಟ್ಟೋಣ. ಆರನೆಯದರಲ್ಲಿ, ಲಕ್ಷಗಟ್ಟಲೆ ಸುರಿದು ಮಾಡುವ ರಂಗಪ್ರವೇಶದ ಬದಲು, ವಿದ್ಯಾರ್ಥಿ ತನ್ನೂರಿನಲ್ಲೇ ಕುಣಿಯಬೇಕು, ಊರಿನವರೂ ಕೇರಿಯವರೂ ಒಟ್ಟಿಗೆ ಕೂರುವಂಥ ಜಾಗದಲ್ಲಿ. ಅಂಥ ಜಾಗವನ್ನು ಹುಡುಕುವುದೂ ಪರೀಕ್ಷೆಯ ಭಾಗ. ಪರೀಕ್ಷಕರು ಇಬ್ಬರಿರಲಿ. ಒಬ್ಬರು ವಿಶ್ವವಿದ್ಯಾಲಯದವರು, ಇನ್ನೊಬ್ಬರು ಆ ತಾಲ್ಲೂಕಿನ ತಮಟೆಯವರೋ ಡೊಳ್ಳಿನವರೋ. ಎರಡನೆಯವರಿಗೆ ಸಹಿ ಬಾರದಿದ್ದರೆ ಹೆಬ್ಬೆಟ್ಟು ಒತ್ತಲಿ, ಇಬ್ಬರ ಅಂಕವೂ ಸಮ.